ವಿಷಯ ಸಂಖ್ಯೆ ಏಳು

ಏಳನೇ ವಿಷಯಕ್ಕೆ ಬರುವ ಹೊತ್ತಿಗೆ
ಸುಸಲಾ ಮುಗಿದು, ಮಿರ್ಚಿಯ ತೊಟ್ಟುಗಳಷ್ಟೇ
ಪೇಪರಿನ ಎಣ್ಣೆಯಲ್ಲಿ ಮಲಗಿದ್ದವು.
ಕೂಲರಿನ ನೀರೂ ತೀರಿತ್ತು. ಕಲಬುರಗಿಯ ಮೇ ತಿಂಗಳು,
ಕಿಟಕಿಯಿಂದ ಗಂಜಿನ ಬಿಸಿಗಾಳಿ, ತೊಗರಿ ಹೊಟ್ಟಿನ ಧೂಳು.

"ಹಳೆಯ ನಡಾವಳಿ ಪುಸ್ತಕಗಳನ್ನು ಎಷ್ಟು ವರ್ಷ
ಇಟ್ಟುಕೊಳ್ಳಬೇಕೆಂಬ ಬಗ್ಗೆ ಚರ್ಚಿಸಿ ತೀರ್ಮಾನಿಸುವುದು."
ಓದಿದವಳು ನಾನು. ಬರೆಯುವವಳೂ ನಾನೇ,
ಹತ್ತೊಂಬತ್ತು ವರ್ಷದಿಂದ ಈ ಮೇಜಿನ ತುದಿಯಲ್ಲಿ ಕೂತು
ಮಾತು ಸೋಸಿ, ಠರಾವು ಹಿಡಿದಿಟ್ಟವಳು.

"ಐದು ವರ್ಷ ಸಾಕ್ರಿ," ಚಂದ್ರಶ್ಯಾ ನರೋಣಿ. ಕಪಾಟು ತುಂಬಿದೆಯಂತೆ.
"ಆಡಿಟ್ ಮುಗಿಯೋತನಕ," ಖಜಾಂಚಿ.
"ನಾವ್ ಇರೋತನಕ," ಯಾರೋ. ಎಲ್ಲ ನಕ್ಕರು.
ನಗುವಿಗೆ ನಡಾವಳಿಯಲ್ಲಿ ಜಾಗವಿಲ್ಲ.

ಬೆಳಿಗ್ಗೆಯೇ ಹಿಂದಿನ ಕೋಣೆಗೆ ಹೋಗಿದ್ದೆ.
ಶಹಾಬಾದ್ ಕಲ್ಲಿನ ಹಲಗೆಯ ಮೇಲೆ ರಟ್ಟಿನ ಪುಸ್ತಕಗಳ ಸಾಲು.
ಎಪ್ಪತ್ತೆಂಟರ ಅರ್ಧವನ್ನು ಗೆದ್ದಲು ಓದಿ ಮುಗಿಸಿತ್ತು,
ಅದಕ್ಕೆ ಕೋರಂ ಬೇಕಿಲ್ಲ.
ತಳದಲ್ಲಿ ಉರ್ದು ಪುಸ್ತಕ, ಫಸಲಿ ಸಾವಿರದ ಮುನ್ನೂರ ಐವತ್ತೆರಡು.
ಚಹಾ ತರುವ ಮಶಾಕ್‌ಸಾಬರು ಬಲದಿಂದ ಎಡಕ್ಕೆ
ಬೆರಳು ಸರಿಸುತ್ತ ಓದಿ ಹೇಳಿದರು:
"ನಾಗವ್ವ, ಗಂಡ ಈರಪ್ಪ, ಊರು ಫರಹತಾಬಾದ್,
ಬ್ಯಾಳಿ ಕೇರುವಾಕಿ. ನೀರಿಗೊಂದು ತಾಮ್ರದ ಹಂಡೆ ಕೇಳ್ಯಾಳ.
ಮುಂದಿನ ಸಭೆಗೆ ಅಂತ ಬರದಾರ ನೋಡ್ರಿ."

ಹೋದ ತಿಂಗಳು ರೇವಮ್ಮ ಬಂದಿದ್ದಳು, ಪಿಂಚಣಿ ಕಾಗದ ಹಿಡಿದು.
ಇಲ್ಲಿ ದುಡಿದದ್ದಕ್ಕೆ ಸಾಕ್ಷಿ ಬೇಕಂತೆ.
"ಅವತ್ತು ಬಾಗಿಲದಾಗ ನಿಂತು ನೀರಿನ ಮಷೀನು ಕೇಳಿದ್ನೆಲ್ಲ ಅಕ್ಕೋರ,
ನನ್ನ ಹೆಸರು ಅದಾ ಅದರಾಗ?"
ಎರಡು ಸಾವಿರದ ಹನ್ನೊಂದನ್ನು ತೆಗೆದು ನೋಡಿದೆ. ನನ್ನದೇ ದುಂಡು ಅಕ್ಷರ:
ಒಬ್ಬ ಮಹಿಳಾ ಕಾರ್ಮಿಕರು ಪ್ರಸ್ತಾಪಿಸಿದರು.
ಗೆದ್ದಲು ಮುಟ್ಟಿರಲಿಲ್ಲ.
"ಅದ ಏನ್ರಿ?" ಅಂದಳು ಮತ್ತೆ. ಪುಸ್ತಕ ಮುಚ್ಚಿದೆ.

ಕೊನೆಗೆ ಹತ್ತು ವರ್ಷಕ್ಕೆ ಒಪ್ಪಿದರು.
ಮಿಕ್ಕದ್ದು ರದ್ದಿಗೆ, ಉರ್ದುವಿನದೂ.
"ಒಂದ್ ಮಾತು," ಅಂದರು ಅಧ್ಯಕ್ಷರು ಕನ್ನಡಕ ಒರೆಸುತ್ತ,
"ಹಳೇದು ತೆಗೆದೀವಿ ಅನ್ನೋ ಈ ಠರಾವು ಮಾತ್ರ
ಕಾಯಂ ಇರಬೇಕ್ರಿ. ನಾಳೆ ಯಾರಾರ ಕೇಳಿದ್ರ?"

ಕಾಯಂ. ಪೆನ್ನು ಅಲ್ಲೇ ನಿಂತಿತು.
ಆಮೇಲೆ ಬರೆದೆ:
ವಿಲೇವಾರಿಯಾಗುವ ಪುಸ್ತಕಗಳಲ್ಲಿ ಇರುವವರು,
ನಾಗವ್ವ, ಗಂಡ ಈರಪ್ಪ, ಫರಹತಾಬಾದ್. ತಾಮ್ರದ ಹಂಡೆ.
ಇರಬೇಕಾಗಿದ್ದವರು,
ರೇವಮ್ಮ, ಗಂಡ ತಿಪ್ಪಣ್ಣ, ಬ್ರಹ್ಮಪುರ, ಬೇಳೆ ಆರಿಸುವ ಕೆಲಸ.
ನೀರಿನ ಯಂತ್ರ. ಎರಡೂ ಮುಂದಿನ ಸಭೆಗೆ.

ಗಡಿಬಿಡಿಯಲ್ಲಿ ಓದಿ ಹೇಳಿದೆ. ಯಾರ ಕಿವಿಯೂ ಇಲ್ಲಿರಲಿಲ್ಲ,
ಹೊರಗೆ ಗಾಡಿಗಳು ಬಿಸಿಲಿಗೆ ಕಾದಿದ್ದವು.
ಇದರಿಂದ ಅವಳಿಗೆ ಪಿಂಚಣಿ ಬರಲಿಕ್ಕಿಲ್ಲ.

ಅಧ್ಯಕ್ಷರು ಸಹಿ ಹಾಕಿದರು.
ಮಿರ್ಚಿ ಹಿಡಿದ ಹೆಬ್ಬೆರಳು ಹಾಳೆಯ ಅಂಚಿಗೆ ತಾಗಿ
ಒಂದು ಎಣ್ಣೆಯ ಕಲೆ.
ಅದೂ ಇರಲಿ.