ಅರಿವಿ

ಗುಳೇದಗುಡ್ಡದಾಗ, ಅರ್ಧ ಮಗ್ಗ ನಿಂತ ಓಣ್ಯಾಗ
ನಮ್ಮಣ್ಣ ಕಾಳಪ್ಪನ ಬಡಿಗಿ ಅಂಗಡಿ.
ಮಂಚ, ಕಪಾಟು, ಖಣ ಇಡೂ ಪೆಟಗಿ ಮಾಡ್ತಾನ.
ಪಾಲಿಶೂ ಅವನ ಕಲಸ್ತಾನ:
ಅಗಸಿ ಎಣ್ಣಿ, ಜೇನಮೇಣ, ಟರ್ಪಂಟೈನು,
ವಾಸನಿಗೆ ಒಂದೀಟು ಲಿಂಬಿ ಎಸೆನ್ಸು.
ತುಂಬೂದು ಹಳೇ ಶರಬತ್ತಿನ ಬಾಟ್ಲ್ಯಾಗ,
ಪುಕಟ ಸಿಗತಾವಲ್ಲ.

ಅಗಸಿ ಅಂದ್ರ ನಮಗ ಹಿಂಡಿ.
ಬಿಸಿ ರೊಟ್ಟಿ, ಬಾಜುಕ ಗಟ್ಟಿ ಮಸರು.
ಅದಕ್ಕ ಆ ಬಾಟ್ಲಿಗೆ ಯಾರೂ ಅಂಜತಿರಲಿಲ್ಲ.
ತಿನ್ನೂ ಕಾಳಿನ ಎಣ್ಣಿ, ಏನ್ ಮಾಡೀತು?

ಬ್ಯಾಸಗಿ ಮಧ್ಯಾಹ್ನ.
ಬಾಜು ಮನಿ ಬಾಳವ್ವನ ಮೊಮ್ಮಗ ವಿಠೂ, ಮೂರು ವರ್ಷದಂವ,
ಕಿಡಕ್ಯಾಗಿನ ಬಾಟ್ಲಿ ಎತ್ತಿ ಎರಡ ಗುಟುಕು ಕುಡದ.
ಬಣ್ಣ ಶರಬತ್ತಿಂದು, ವಾಸನಿ ಲಿಂಬೀದು,
ಬಾಟ್ಲಿ ಮ್ಯಾಲಿನ ಚಿತ್ರಾನೂ ಲಿಂಬೀದ.
ಕೂಸಿಂದೇನು ತಪ್ಪು?

ಕೆಮ್ಮಿದ. ಮತ್ತ ಕೆಮ್ಮಿದ.
ಬಾಳವ್ವ ಉಪ್ಪಿನ ನೀರು ಕಲಿಸಿ ತಂದು
ಗಂಟಲಾಗ ಬಟ್ಟು ಹಾಕಾಕ ಹೋದ್ಲು.
ದಾರ್ಯಾಗ ಹೊಂಟಿದ್ದ ನರ್ಸ್ ದಾಕ್ಷಾಯಣಿ ಬಾಯಿ
ಅಂಗಳದಿಂದನ ಚೀರಿದ್ಲು:
ಕಾರಿಸಬ್ಯಾಡ್ರೀ!
ಹೊಟ್ಟ್ಯಾಗಿದ್ದದ್ದು ಹೊಟ್ಟ್ಯಾಗ ಇರ್ಲಿ,
ಹೊಳ್ಳಿ ಬಂದ್ರ ಉಸರಿನ ದಾರಿ ಹಿಡಿತೈತಿ,
ಎದಿಗೂಡಿಗೆ ಇಳಿತೈತಿ.
ದವಾಖಾನಿಗೆ ನಡ್ರಿ, ಬಾಟ್ಲಿ ಮರೀಬ್ಯಾಡ್ರಿ.

ಬಾಗಲಕೋಟಿ ತನಕಾ ಮೋಟರಸೈಕಲ್ ಮ್ಯಾಲ
ಅಣ್ಣ ಮುಂದ, ನಾ ಹಿಂದ, ನಡುವ ಕೂಸು,
ನನ್ನ ಉಡಿಯಾಗ ಬಾಟ್ಲಿ.
ಡಾಕ್ಟರು ಒಂದ ಕೈಲೆ ಕೂಸಿನ ಎದಿ ಮುಟ್ಟಿ
ಇನ್ನೊಂದ ಕೈಲೆ ಬಾಟ್ಲಿ ಇಸಗೊಂಡ್ರು.
ಇದರಾಗ ಏನೇನೈತಿ?
ಇಪ್ಪತ್ತು ವರ್ಷ ಅದನ್ನ ಕಲಸಿದ ನಮ್ಮಣ್ಣ
ಪಾಠ ಮರತ ಹುಡುಗನಂಗ ನಿಂತ.
ಅಗಸಿ ಅಂದ. ಮೇಣ ಅಂದ.
ಆಮ್ಯಾಲ ಸಣ್ಣ ದನೀಲೆ,
ಈ ಸಲ ಟರ್ಪಂಟೈನು ಕಡಿಮಿ ಬಿತ್ರಿ,
ಸೀಮಿಎಣ್ಣಿ ಬೆರಸೀನಿ.

ಮೂರು ರಾತ್ರಿ ಎದಿ ಗೊರಗೊರ.
ನಾಕನೇ ದಿನ ವಿಠೂ ರೊಟ್ಟಿ ಬೇಡಿದ.

ಅವತ್ತಿಂದ ಚೀಟಿ ಬರಿಯೂ ಕೆಲಸ ನಂದು.
ಬಾಟ್ಲಿ ಹೊಸಾವು, ಬಿರಡಿ ಬಿಗಿ.
ದಪ್ಪ ಅಕ್ಷರದಾಗ: ಕುಡಿಯಬಾರದು.
ಒಲಿ ಹತ್ತಿರ ಇಡಬಾರದು. ಕಿಡಕಿ ತಗದು ತಿಕ್ಕಬೇಕು.
ಒಳಗೇನೈತಿ, ಎಷ್ಟೈತಿ,
ಸೀಮಿಎಣ್ಣಿ ಇದ್ರ ಅದನ್ನೂ.
ಅಣ್ಣ ಮಾರಿ ಸಣ್ಣದು ಮಾಡಿದ. ನಾ ಬರದೆ.

ಅರಿವಿದೊಂದು ಬರಿಲಿಲ್ಲ.
ನನಗ ಗೊತ್ತಿರಲಿಲ್ಲ.

ದೀಪಾವಳಿ ಮುಂದ, ಮದವಿ ಆರ್ಡರು, ಕೈಗೆ ಬಿಡುವಿಲ್ಲ.
ಹಳೇ ಇಳಕಲ್ ಸೀರಿ ಹರದು ಮಾಡಿದ ಅರಿವಿ,
ದಿನಾಪೂರ್ತಿ ಎಣ್ಣಿ ಕುಡದದ್ದು,
ಮುದ್ದಿ ಮಾಡಿ ಮೂಲಿಗೆ ಒಗದು ಮಲಗೀನಿ.
ನಡುರಾತ್ರಿ ಸುಟ್ಟ ವಾಸನಿ.
ಕಡ್ಡಿ ಗೀರಿದವರಿಲ್ಲ, ದೀಪಿಲ್ಲ,
ಕರೆಂಟೂ ಹೋಗಿತ್ತು.
ಜ್ವರ ಬಂದ ಕೂಸಿನಂಗ ಮುದುಡಿ ಬಿದ್ದ ಅರಿವಿ
ತನ್ನೊಳಗ ತಾನ ಕಾದು
ಕೆಂಪಗ ಆಗಿತ್ತು.

ಎರಡ ಕೊಡ ನೀರು.
ಒಂದು ಕಪಾಟು ಹೋತು, ಕನ್ನಡಿ ಕೂಡ್ಸಿದ್ದು.
ಅಣ್ಣ ಬೈಲಿಲ್ಲ. ಚೀಟಿ ಬರಿಯಾಕಿ, ಅಂದ.
ಅಷ್ಟ.

ಈಗ ಅಂಗಳದ ಕಲ್ಲಿನ ಮ್ಯಾಲ ಅರಿವಿ ಹರವತೀನಿ,
ಹಪ್ಪಳದಂಗ, ಒಂದಕ್ಕೊಂದು ತಾಗದಂಗ.
ಚೆಲ್ಲೂವು ಇದ್ರ ನೀರ ತುಂಬಿದ ತಗಡಿನ ಡಬ್ಬ್ಯಾಗ
ಮುಳಗಿಸಿ ಮುಚ್ಚಳ ಬಿಗೀತೀನಿ.
ಓಣ್ಯಾಗಿನವರಿಗೆ ನಗಿ:
ಹೊಲಸ ಅರಿವಿಗೆ ಏನ್ ಉಪಚಾರಬೇ!

ಬಾಳವ್ವಗ ಓದಾಕ ಬರೂದಿಲ್ಲ.
ಚೀಟಿ ತಿರುವಿ ಮುರುವಿ ನೋಡಿ ಕೇಳಿದ್ಲು,
ಇದನ್ನ ಯಾರಿಗಂತ ಬರದಿ?
ನಾ ಸುಮ್ಮನಿದ್ದೆ.
ವಿಠೂನ ಕಾಲಿಗೆ ಕಟ್ಟಿ ಉಳದ ಕರಿ ದಾರ
ಸೆರಗಿನ ಗಂಟಿನಾಗಿಂದ ತಗದು
ಬಾಟ್ಲಿ ಕೊರಳಿಗೆ ಕಟ್ಟಿದ್ಲು.

ನಾ ಬಿಚ್ಚಲಿಲ್ಲ.
ಈಗ ಎಲ್ಲಾ ಬಾಟ್ಲಿಗೂ ಕಟ್ಟತೀನಿ,
ಒಯ್ಯಾಕ ಬಂದವರಿಗೆಲ್ಲಾ ಬಾಯಿಲೆ ಹೇಳತೀನಿ,
ಕರಿ ದಾರ ಇದ್ದದ್ದು ಕೂಸಿನ ಕೈಗಲ್ಲ.

ಆದ್ರೂ ದಾರದ ಮ್ಯಾಲ ಪೂರಾ ಭಾರ ಹಾಕಿಲ್ಲ.
ಕಪಾಟಿನ ಕೀಲಿ
ನನ್ನ ಟೊಂಕದಾಗ ಐತಿ.