ಕೋಡೊಲಿ

ಹಟ್ಟಿ ಗಣಿ ಸಾಹೇಬರ ಬಂಗಲೆಯಿಂದ
ಹರಾಜಿನಾಗ ಬಂದ ಓವನ್ನು:
ಒಂದರ ಮ್ಯಾಲೊಂದು ಎರಡು ಬಾಯಿ,
ಗ್ವಾಡಿಯೊಳಗ ಹುಗಿದು ಕೂಡಿಸೂವಂಥಾದ್ದು.
ಮುದಗಲ್ಲಿನ ನಮ್ಮ ಗ್ವಾಡಿ ಅದನ್ನ ಎಲ್ಲಿ ಕಂಡಿತ್ತು?
ಗೌಂಡಿ ದುರುಗಪ್ಪ ಕಲ್ಲು ಕಿತ್ತು
ಆಳೆತ್ತರದ ಮಾಡ ತೆಗೆದುಕೊಟ್ಟ.
ಹೋದ ವರ್ಷ ಚಲೋ ದುಡೀತು.
ಈ ವರ್ಷ, ಹಬ್ಬ ಇನ್ನೆರಡು ದಿನ ಅನ್ನೂವಾಗ
ಕೆಳಗಿನ ಬಾಯಿ ತಣ್ಣಗಾತು.

ದೀಪ ಹತ್ತತದ. ಪಂಖ ತಿರಗತದ.
ಗಡಿಯಾರದ ಹಸಿರು ಅಂಕಿ ಕಣ್ಣು ಮಿಟಕಸತದ.
ನೂರಾ ಎಂಬತ್ತು ಅಂತ ಒತ್ತಿದರ
ನೂರಾ ಎಂಬತ್ತು ಅಂತ ತೋರಸತದ.
ಒಳಗ ಕೈ ಇಟ್ಟರ
ಕ್ವಾಟಿ ಕಂದಕದ ನೀರಿನಂಗ ತಂಪು.
ಎಲ್ಲಾ ಅದ, ಕಾವು ಒಂದು ಬಿಟ್ಟು,
ನಮ್ಮ ಎರಡನೇ ಭಾವನ ಹಂಗ, ಅಂದೆ.
ಅತ್ತಿ ನಗಲಿಲ್ಲ.

ಮುನ್ನೂರು ಬನ್ನು. ನಡುರಾತ್ರಿ ಬಲಿಪೂಜೆ ಮುಗಿದ ಮ್ಯಾಲ
ಚರ್ಚಿನ ಅಂಗಳದಾಗ ಕೈಗೊಂದು.
ಫಾದರಿಗೆ ಮಾತು ಕೊಟ್ಟಾಗಿತ್ತು,
ಮುಂಗಡ ಆಗಲೇ ಮೈದಾ ಆಗಿತ್ತು.

ಲಿಂಗಸೂಗೂರಿನಿಂದ ಹುಸೇನಪ್ಪ ಬಂದ,
ಫ್ರಿಜ್ಜು, ಬೋರಿನ ಮೋಟರು, ಮದುವಿ ಮೈಕು
ಎಲ್ಲಾದರ ನಾಡಿ ಬಲ್ಲವ.
ಮೊದಲು ಮೇನ್ ಆರಿಸಿದ. ಬಗ್ಗಿ ಮೂಸಿದ.
"ಹೊರಗ ಎಳೀಬೇಕು ತಾಯಿ, ಬ್ಯಾನಿ ಬೆನ್ನಾಗ ಅದ."
ನಾನು, ಅವ, ಅತ್ತಿ,
ಹಾಲು ಹಾಕಲಿಕ್ಕೆ ಬಂದಿದ್ದ ಇಮಾಮಬಿಯ ಮಗ,
ನಾಕು ಮಂದಿ ಹೆಣ ಇಳಿಸಿದಂಗ ಇಳಿಸಿದೆವು.

ಕಾಯಿಲ್ಲಿಗೆ ಮೀಟರಿನ ಎರಡು ಮುಳ್ಳು ಮುಟ್ಟಿಸಿದ.
ಕುಂಯ್ ಅಂತು. "ಇದು ಜೀವಂತ ಅದ."
ಸೆನ್ಸಾರು ಬಿಚ್ಚಿದ, ಎಲಿಅಡಿಕಿ ಒಂದು ದವಡಿಗೆ ದೂಡಿ
ಅಂಕಿ ನೋಡಿದ. "ಇದೂ ಸುಳ್ಳು ಹೇಳವಲ್ಲದು."
ಆಮ್ಯಾಲ ತಗಡಿನ ಹಿಂದ, ಕುರಿ ಉಣ್ಣಿಯಂಥ ಅರಳಿಯ ನಡುವ
ಜ್ವಾಳದ ಕಾಳಿನಷ್ಟು ಒಂದು ಫ್ಯೂಜು.
ಮುಳ್ಳು ಮುಟ್ಟಿಸಿದ.
ಮೂಕ.

"ಇದು ಕೆಟ್ಟಿಲ್ಲರೀ, ತನ್ನ ಕೆಲಸ ಮಾಡಿ ಸತ್ತದ.
ನಿಮ್ಮ ಗೌಂಡಿ ಗಾಳಿಗೆ ಬೆರಳಷ್ಟೂ ಸಂದಿ ಬಿಟ್ಟಿಲ್ಲ,
ಕಾವು ಹಿಂದಕ್ಕ ಹೊಂಟದ, ವಾಯರಿನ ಕಡೆ."
"ಅದನ್ನ ಬಿಟ್ಟು ಡೈರೆಕ್ಟ್ ಕೊಟ್ಟುಬಿಡು. ಎರಡು ದಿನದ ಮಾತು."
ವಾಯರಿನ ತುದಿ ಹಿಡಕೊಂಡು ಅವ ಸುಮ್ಮನ ಕುಂತ.
ಒಂದೇ ತಿರುವು. ಎಲ್ಲಿ ಅಂತ ನನಗೂ ಕಾಣತಿತ್ತು.
"ಅಲಾಯಿ ಕುಣಿಗೆ ಊರ ನಡುವ ಬೆಂಕಿ ಇಡತೀವಿ ತಾಯಿ,
ಸುತ್ತ ಜಾಗ ಬಿಟ್ಟು ಇಡತೀವಿ.
ಗ್ವಾಡಿಯೊಳಗ ಇಡಂಗಿಲ್ಲ."
ಕಾಳನ್ನ ಕಾಗದದಾಗ ಸುತ್ತಿ ಕಿಸೆಗೆ ಹಾಕಿಕೊಂಡ.
ಹೈದರಾಬಾದಿನಿಂದ ಬರಬೇಕು, ಹಬ್ಬ ಆದ ಮ್ಯಾಲ.
ಹೋಗೂ ಮುಂದ ತಾನೇ ಉಳಿ ಹಿಡಿದು
ಕಲ್ಲಿನಾಗ ನಾಕು ಬೆರಳು ಗಾಳಿ ಬಿಡಿಸಿದ.

ಮ್ಯಾಲಿನ ಬಾಯಿಗೆ ಒಂದು ಸಲಕ್ಕ ಹದಿನೈದು.
ಇಪ್ಪತ್ತು ಸಲ, ಅಂತ ಅತ್ತಿ ಸೆರಗು ಸಿಗಿಸಿದಳು.
ಸುಡೂದಕ್ಕಿಂತ ಮೊದಲು ಹಿಟ್ಟು ಉಬ್ಬಬೇಕಲ್ಲ?
ಕಲ್ಲಿನ ಊರು, ಮಾಗಿ ರಾತ್ರಿ,
ಹಿಟ್ಟು ಕೊಪ್ಪರಿಗಿಯಾಗ ಮೂಗು ಮುಚ್ಚಿಕೊಂಡು ಮಲಗಿತ್ತು.
ಮೂರನೇ ಸುತ್ತಿಗೆ ಅತ್ತಿ ಯಾಕೋ
ಕೆಳಗಿನ ಬಾಗಲ ತೆಗೆದು ಕೈ ಇಟ್ಟಳು.
ಇಟ್ಟ ಕೈ ತೆಗೀಲಿಲ್ಲ.
"ಬಾ ಇಲ್ಲಿ," ಅಂದಳು. "ಕೋಡೊಲಿ."

ನಮ್ಮ ಹಿತ್ತಲ ಒಲಿಗೂ ಇತ್ತು ಹಂಗ ಒಂದು ಬದಿಯ ಬಾಯಿ,
ಕಟ್ಟಿಗಿ ಕೇಳದ್ದು, ಊದು ಅನ್ನದ್ದು,
ದೊಡ್ಡೊಲಿ ಬಿಟ್ಟ ಉಸಿರಿನ ಮ್ಯಾಲ
ಬ್ಯಾಳಿ ಬೆಚ್ಚಗ ಇಟ್ಟುಕೊಂಡು
ತಡವಾಗಿ ಬರೂವವರ ಹಾದಿ ಕಾಯತಿದ್ದದ್ದು.

ಹಿಟ್ಟಿನ ತಾಟು ಒಳಗ ಸರಿಸಿದೆವು. ಹಸಿ ಅರಿವಿ ಹೊಚ್ಚಿದೆವು.
ತಾಸಿನ ಮ್ಯಾಲ ಅರಿವಿ ತೆಗೆದರ
ಆ ಸಣ್ಣ ದೀಪದ ಬೆಳಕಿನಾಗ
ಹದಿನೈದು ಉಂಡಿ
ಒಂದಕ್ಕೊಂದು ಭುಜ ತಾಗಿಸಿಕೊಂಡು ಕುಂತಿದ್ದವು.

ಎರಡುನೂರಾ ಎಂಬತ್ತೇಳು ಆದವು.
ಹನ್ನೊಂದನೇ ಸುತ್ತಿಗೆ ನಾ ತೂಕಡಿಸಿದ್ದೆ;
ಕರ್ರಗಾದ ಹದಿಮೂರು ನಮ್ಮವು.

ಹೊಸ ವರ್ಷದ ಮೂರನೇ ದಿನ
ಹುಸೇನಪ್ಪ ಬಾಗಲಿಗೆ ಬಂದು ನಿಂತ,
ಅಂಗೈಯಾಗ ಹೊಸ ಕಾಳು.
ಅತ್ತಿ ತಾಟು ಒಳಗ ಸರಿಸಿಕೋತ
ತಿರುಗಿ ಸೈತ ನೋಡದ ಅಂದಳು:
"ಇರಲಿ ತಡಿಯಪ್ಪಾ,
ಈಗಷ್ಟೇ ಹಿಟ್ಟು ಇಟ್ಟೀನಿ."