ಸೌಟಿನ ಎಣಿಕೆ

ಹಡಗು ತೊಟ್ಟಿಲಿನ ಹಾಗೆ ತೂಗತೊಡಗಿದ ರಾತ್ರಿ
ನನಗೆ ಸೊಗಸಾದ ನಿದ್ದೆ.
ಮೂರು ದಿನ ನಮ್ಮನ್ನು ಎಡಕ್ಕೆ ಬಲಕ್ಕೆ
(ತಪ್ಪು, ಇಲ್ಲಿ ಎಡಬಲವಿಲ್ಲ)
ಪೋರ್ಟಿಗೆ, ಸ್ಟಾರ್‌ಬೋರ್ಡಿಗೆ
ಎತ್ತೆತ್ತಿ ಎಸೆದು ದವಡೆ ನೋಯಿಸಿದ ಹಡಗು
ಈಗ ಮೆಲ್ಲಗೆ ವಾಲಿ, ಅಲ್ಲೇ ತುಸು ನಿಂತು,
ಏನೋ ನೆನಪಾದವಳಂತೆ ಮರಳುತ್ತಿತ್ತು.

ಟ್ರೋಂದುರ್ ಕಿವಿ ಹಿಡಿದು ಎಬ್ಬಿಸಿದ.
ಅಡುಗೆಯವನು, ನಲವತ್ತು ಚಳಿಗಾಲ
ಗ್ರೀನ್‌ಲೆಂಡಿನ ನೀರು ಕಂಡವನು.
ಒಲೆಯ ಮೇಲಿನ ಕೊಂಡಿಯಲ್ಲಿ ತೂಗುವ ಸೌಟು ತೋರಿಸಿ
'ಎಣಿಸು' ಎಂದ.
ಅತ್ತಲಿಂದ ಇತ್ತ, ಮತ್ತೆ ಅತ್ತ:
ಹದಿನಾಲ್ಕು.
'ನಿನ್ನೆ ಎಂಟಿತ್ತು.'
ಅಷ್ಟೇ ಹೇಳಿ, ಸಾರಿನ ಪಾತ್ರೆ ಇಳಿಸಿ, ಒಲೆ ಆರಿಸಿದ.

ಹೊರಗೆ, ಹನಿಹನಿಯಾಗಿ ಹತ್ತಿಬಂದ ಕಡಲು
ಇಳಿಯುವುದನ್ನು ಮರೆತು ಕೂತಿತ್ತು.
ಹಗ್ಗಗಳು ತೊಡೆಯಷ್ಟು ದಪ್ಪ.
ಆಂಟೆನಾ ಇದ್ದಲ್ಲಿ ಒಂದು ಬಿಳಿ ಕರಡಿ.

ಕ್ಲಾಕ್ಸ್‌ವೀಕ್ ಬಂದರಿನಲ್ಲಿ ಮೇಟ್ ಮಾರ್ಯುನ್
ಮೀನಿನ ರಟ್ಟಿನ ಮೇಲೆ ಚುಕ್ಕಿ ಇಟ್ಟು ಹೇಳಿದ್ದಳು:
ಇದು ನಮ್ಮ ಭಾರವೆಲ್ಲ ಒಟ್ಟಾಗಿ ಕೆಳಕ್ಕೆ ಎಳೆಯುವ ಚುಕ್ಕಿ,
ಇದು ನೀರು ನಮ್ಮನ್ನು ಎತ್ತುವ ಚುಕ್ಕಿ;
ವಾಲಿದ ಮಗ್ಗುಲಿಗೆ ಇದು ಓಡಿಬರುತ್ತದೆ, ಹೆಗಲು ಕೊಡಲು.
ಮೂರನೆಯದು ಎಲ್ಲೂ ಇಲ್ಲ, ಬರೀ ಗೆರೆಗಳು ಕೂಡುವ ಜಾಗ.
ಭಾರ ಅದನ್ನು ದಾಟಿ ಏರಿತೋ,
ಹಡಗಿಗೆ ಎದ್ದು ನಿಲ್ಲುವ ಮನಸ್ಸಿರುವುದಿಲ್ಲ.
ಆ ರಟ್ಟಿನ ಹಿಂಬದಿಗೆ ನಾನು
ಇಸ್ಪೀಟಿನ ಲೆಕ್ಕ ಬರೆದಿದ್ದೆ.

ಕೊಡತಿ ಹಿಡಿದೆವು, ಹನ್ನೊಂದು ಜನ.
'ಮೇಲಿನದು ಮೊದಲು! ಎರಡೂ ಮಗ್ಗುಲು ಸಮ!'
ಮಾರ್ಯುನಳ ದನಿ ಗಾಳಿಗೆ ತುಂಡಾಗಿ ಬರುತ್ತಿತ್ತು.
ಬಡಿದೆವು. ಮಂಜುಗಡ್ಡೆ ಗಾಜಿನ ಕಪಾಟಿನಂತೆ ಬಿತ್ತು.
ಹೋಗ್ನಿಯ ಕೈಗವಸು ಅದರ ಜೊತೆಗೇ ಹೋಯಿತು,
ಅವನು ನಗುತ್ತಲೇ ಇದ್ದ, ನಿಲ್ಲಿಸಲಾಗದೆ.

ಆಮೇಲೆ ಕೆಳಗಿನ ಬ್ಯಾಲಸ್ಟ್ ಟ್ಯಾಂಕಿಗೆ ನೀರು ಬಿಟ್ಟರು.
ತುಂಬಿದ್ದು ತುಳುಕುವುದಿಲ್ಲ, ನಿಜ.
ಆದರೆ ತುಂಬಬೇಕಾದರೆ
ಒಮ್ಮೆ ಅರ್ಧವಾಗಲೇಬೇಕಲ್ಲ.
ಅರೆನೀರು ವಾಲಿದ ಕಡೆಗೇ ಓಡಿ
ವಾಲಿದವನನ್ನೇ ಇನ್ನಷ್ಟು ವಾಲಿಸುತ್ತದೆ.
ಆ ಇಪ್ಪತ್ತು ನಿಮಿಷ
ಯಾರೂ ಮಾತಾಡಲಿಲ್ಲ.
ಪಂಪು ಒಂದೇ ಗೊಣಗುತ್ತಿತ್ತು.

ಹದಿಮೂರು.
ಹದಿಮೂರು.
ಹನ್ನೊಂದು.
ನಸುಕಿಗೆ ಒಂಬತ್ತು.

ಬೆನ್ನು ಚಾಚಲೆಂದು ಮಲಗಿದೆನಷ್ಟೆ,
ಹಡಗು ನನ್ನನ್ನು ಎತ್ತಿ ಗೋಡೆಗೆ ಒಗೆಯಿತು:
ಹಣೆಯಲ್ಲಿ ಗುಬುಟು, ಬಾಯಲ್ಲಿ ರಕ್ತದ ರುಚಿ.
ಆಚೆಯಿಂದ ಬೆಂಕಿಕಡ್ಡಿ ಗೀರಿದ ಸದ್ದು.

ಸಾರಿಗೆ ಉಪ್ಪು ಹೆಚ್ಚಾಗಿತ್ತು.
ಯಾರೂ ಹೇಳಲಿಲ್ಲ.